ಹಳೇ ರೀಫ್ ಟ್ಯಾಂಕಿಗೆ ಟಿ5 ಸರಿಯೋ, ಎಲ್‌ಇಡಿ ಸರಿಯೋ?

ಡಲ್ಲಾಸ್‌ನ ನಮ್ಮ ಮನೆಯ ನಾಲ್ಕಡಿ ರೀಫ್ ಟ್ಯಾಂಕಿನ (ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಮೇಲೆ ಟಿ5 (ತೆಳು ಫ್ಲೋರೊಸೆಂಟ್ ಟ್ಯೂಬ್‌ಲೈಟ್), ಎಲ್‌ಇಡಿ ಎರಡನ್ನೂ ಬಳಸಿ ನೋಡಿದ್ದೇನೆ. ಕಲ್ಲು, ಹವಳ, ಪಂಪು, ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಎಲ್ಲಾ ಅವೇ. ಬದಲಾಗಿದ್ದು ದೀಪ ಮಾತ್ರ.

ಖರ್ಚಿನ ವಿಷಯಕ್ಕೆ ಬಂದರೆ ಎಲ್‌ಇಡಿಯೇ ವಾಸಿ, ಎರಡು ಮಾತಿಲ್ಲ. 54 ವಾಟಿನ ಎಂಟು ಟಿ5 ಟ್ಯೂಬ್ ಅಂದ್ರೆ 432 ವಾಟ್. ಎಲ್‌ಇಡಿಗೆ ಅದರ ಅರ್ಧ ಸಾಕಾಯ್ತು. ಟ್ಯೂಬ್‌ಗಳನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಉರಿಯುತ್ತಲೇ ಇರುತ್ತವೆ, ಆದರೆ ಬೆಳಕಿನಲ್ಲಿ ಕಸುವು ಇರೋದಿಲ್ಲ.

ಬೆಳಕು ಹರಡುವುದರಲ್ಲಿ ಮಾತ್ರ ಟಿ5ಗೆ ಸಾಟಿಯಿಲ್ಲ. ಉದ್ದನೆಯ ಟ್ಯೂಬುಗಳಾದ್ದರಿಂದ ಬೆಳಕು ಎಲ್ಲಾ ಕಡೆಯಿಂದಲೂ ಬೀಳುತ್ತದೆ. ಎಲ್‌ಇಡಿ ಬೆಳಕು ಟಾರ್ಚ್ ಬಿಟ್ಟ ಹಾಗೆ ನೇರ. ಎಲ್‌ಇಡಿ ಹಾಕಿದ ಮೇಲೆ ನನ್ನ ಹಸಿರು ಅಕ್ರೋಪೊರಾ (ಕೊಂಬೆ ಕೊಂಬೆಯಾಗಿ ಬೆಳೆಯುವ ಹವಳ) ತುದಿಯಲ್ಲಿ ಚೆನ್ನಾಗೇ ಬೆಳೆಯಿತು. ಆದರೆ ಮೇಲಿನ ಕೊಂಬೆಗಳ ನೆರಳು ಬೀಳುವ ಕಡೆ ಮೊದಲು ಕಂದಾಯಿತು, ಆಮೇಲೆ ಬುಡದಲ್ಲಿ ಜೀವ ಹೋಗಿ ಬರೀ ಬಿಳಿ ಕಲ್ಲು ಉಳಿಯಿತು. ಪುಟ್ಟ ಹವಳಗಳಿರುವ ಹೊಸ ಟ್ಯಾಂಕಿನಲ್ಲಿ ಇದು ಗೊತ್ತೇ ಆಗೋದಿಲ್ಲ. ಕೊಂಬೆ ದಟ್ಟವಾದ ಹಳೇ ಟ್ಯಾಂಕಿಗೇ ಈ ತೊಂದರೆ ಜಾಸ್ತಿ.

ನೀಲಿ ಎಲ್‌ಇಡಿಯ ಇನ್ನೊಂದು ಗುಣ, ಕಣ್ಣಿಗೆ ಮಂಕು, ಹವಳಕ್ಕೆ ಖಾರ. ಬೆಳಕು ಅತಿಯಾದರೆ ಹವಳ ತನ್ನ ಮೈಯೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಅದಕ್ಕೇ ಪಾರ್ ಮೀಟರ್ (ಹವಳದೊಳಗಿನ ಪಾಚಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಸಾಧನ) ಬಾಡಿಗೆಗೆ ತಂದು ಅಳೆದೆ. ಕಡಿಮೆ ಬೆಳಕಿನಿಂದ ಶುರು ಮಾಡಿ ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಿದೆ. ಅಕ್ರೋಪೊರಾ ಇರುವ ಕಡೆ ಪಾರ್ 250ರ ಆಸುಪಾಸು, ಕೆಳಗಿನ ಯೂಫೀಲಿಯಾ ಹವಳಕ್ಕೆ 100 ಸಾಕು.

ದೀಪ ಬದಲಿಸಿದರೆ ನೀರೂ ಬದಲಾಗುತ್ತದೆ ಅನ್ನೋದನ್ನು ಯಾರೂ ಒತ್ತಿ ಹೇಳೋದಿಲ್ಲ. ಬೆಳಕು ತಗ್ಗಿಸಿದಾಗ ಹವಳದ ಬೆಳವಣಿಗೆ ನಿಧಾನವಾಯಿತು, ಅವು ಹೀರುವ ಆಲ್ಕಲಿನಿಟಿಯೂ (ಹವಳ ತನ್ನ ಅಸ್ಥಿಪಂಜರ ಕಟ್ಟಲು ನೀರಿನಿಂದ ಹೀರುವ ಕ್ಷಾರಾಂಶ) ಇಳಿಯಿತು. ಅದನ್ನು ನೀರಿಗೆ ತುಂಬುವ ಡೋಸಿಂಗ್ ಪಂಪು ಮಾತ್ರ ಹಳೇ ಲೆಕ್ಕದಲ್ಲೇ ಸುರಿಯುತ್ತಿರುತ್ತದೆ ಅಲ್ವಾ? 8 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಇದ್ದದ್ದು 9 ದಾಟಿತು. ದಿನಾ ಟೆಸ್ಟ್ ಮಾಡುತ್ತಿದ್ದರಿಂದ ಕೂಡಲೇ ಡೋಸ್ ಇಳಿಸಿದೆ. ಬೆಳಕು ಏರಿದ ಹಾಗೆ ಮತ್ತೆ ಏರಿಸಬೇಕಾಯಿತು. ಟಿ5 ಕಾವಿಗೆ ಬೇಗ ಆವಿಯಾಗುತ್ತಿದ್ದ ನೀರು ಈಗ ಅಷ್ಟು ಆವಿಯಾಗೋದಿಲ್ಲ. ಇಲ್ಲಿನ ಬೇಸಿಗೆಗೆ ಅದು ದೊಡ್ಡ ಉಪಕಾರ, ಚಳಿಗಾಲದಲ್ಲಿ ಹೀಟರಿಗೆ ಕೆಲಸ ಜಾಸ್ತಿ.

ಈಗ ನಡುವೆ ಎಲ್‌ಇಡಿ, ಮುಂದೊಂದು ಹಿಂದೊಂದು ಟಿ5 ಟ್ಯೂಬ್ ಇಟ್ಟಿದ್ದೇನೆ. ಅಕ್ರೋಪೊರಾ ತುಂಬಿದ ಹಳೇ ಟ್ಯಾಂಕಿಗೆ ಇದೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬರೀ ಯೂಫೀಲಿಯಾ, ಝೋವಾಂಥಿಡ್ (ಗುಂಡಿಯಂಥ ಮೆತ್ತನೆ ಹವಳ) ಸಾಕುವವರು ಟ್ಯೂಬಿನ ತಂಟೆಗೇ ಹೋಗಬೇಡಿ, ಸೀದಾ ಎಲ್‌ಇಡಿ ಹಾಕಿ.