ಕಡಲಾಮೆ ನೋಡಲು ಮೂರು ಕಡೆ ಹೋದೆ

ಕಡಲಾಮೆ ನೋಡಲು ಎಲ್ಲಿಗೆ ಹೋಗೋಣ ಅಂತ ಯಾರಾದರೂ ಕೇಳಿದರೆ, ನಿದ್ದೆಗೆಡಲು ತಯಾರಿದ್ದೀರಾ ಅಂತ ನಾನು ತಿರುಗಿ ಕೇಳುತ್ತೇನೆ. ಇಲ್ಲ ಅನ್ನುವವರಿಗೆ ಶ್ರೀಲಂಕಾದ ನೈಋತ್ಯ ಕರಾವಳಿಯ ರಸ್ತೆ ಬದಿಯಲ್ಲಿ ಹ್ಯಾಚರಿಗಳಿವೆ, ಅಂದರೆ ಆಮೆಯ ಮೊಟ್ಟೆ ತಂದು ಹೂತು ಮರಿ ಮಾಡಿಸುವ ಜಾಗಗಳು. ನಾನೂ ಮೊದಲು ಹೋದದ್ದು ಅಂಥದ್ದೊಂದಕ್ಕೇ.

ಹಾಡಹಗಲು, ಟಿಕೆಟ್, ಹತ್ತೇ ನಿಮಿಷ. ಸಿಮೆಂಟ್ ತೊಟ್ಟಿಯಲ್ಲಿ ಮರಿಗಳು. ಒಂದನ್ನು ನನ್ನ ಅಂಗೈಗೆ ಇಟ್ಟರು, ನಾನು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡೆ. ಆ ಫೋಟೋ ಈಗ ಯಾರಿಗೂ ತೋರಿಸುವುದಿಲ್ಲ. ಯಾಕೆಂದರೆ ಮರಳಿನಿಂದ ಎದ್ದ ಮರಿ, ಮೊಟ್ಟೆಯ ಹಳದಿಯಿಂದ ಉಳಿಸಿಕೊಂಡ ಬಲದಲ್ಲೇ ಒಂದೇ ಸಮನೆ ಈಜಿ ದಡದಿಂದ ದೂರ ಹೋಗಬೇಕು. ಆ ಬಲವೆಲ್ಲ ತೊಟ್ಟಿಯಲ್ಲಿ ಸುತ್ತು ಹೊಡೆಯುವುದರಲ್ಲೇ ಮುಗಿಯುತ್ತದೆ.

ಅದೇ ಶ್ರೀಲಂಕಾದ ತಂಗಾಲೆ ಹತ್ತಿರದ ರೆಕಾವ ದಡ ಬೇರೆಯೇ ಲೋಕ. ಅಲ್ಲಿ ಮೊಟ್ಟೆಗಳನ್ನು ಇಟ್ಟ ಜಾಗದಲ್ಲೇ ಬಿಡುತ್ತಾರೆ. ಹಿಂದೆ ಮೊಟ್ಟೆ ಕದಿಯುತ್ತಿದ್ದ ಊರವರನ್ನೇ ಕಾವಲಿಗೆ ಸೇರಿಸಿಕೊಂಡರಂತೆ, ಜಾಣತನ ಅಲ್ವಾ? ರಾತ್ರಿ ಎಂಟಕ್ಕೆ ಹೋಗಿ ಕೂತೆವು. ಸುಮ್ನೆ ಮೂರು ಗಂಟೆ, ಸೊಳ್ಳೆ ಜೊತೆ. ಹಸಿರಾಮೆ ಬಂದರೂ ಗುಂಡಿ ತೋಡುವವರೆಗೆ ಹತ್ತಿರ ಬಿಡಲಿಲ್ಲ. ಮೊಟ್ಟೆ ಬೀಳಲು ಶುರುವಾದ ಮೇಲೆ ಅದು ಸುಲಭಕ್ಕೆ ಬೆದರುವುದಿಲ್ಲ. ಆಗ ಹಿಂದಿನಿಂದ, ಬಗ್ಗಿಕೊಂಡು, ಮಂದ ಕೆಂಪು ಬೆಳಕಿನಲ್ಲಿ ನೋಡಿದೆವು. ಟೇಬಲ್ ಟೆನಿಸ್ ಚೆಂಡಿನಂಥ ಮೊಟ್ಟೆಗಳು. ಕಣ್ಣಂಚಿನಲ್ಲಿ ನೀರು. ಅಳುವಲ್ಲ, ಮೈಯಲ್ಲಿ ಜಾಸ್ತಿಯಾದ ಉಪ್ಪು ಹೊರಹೋಗುವುದು.

ಅಷ್ಟರಲ್ಲಿ ಇನ್ನೊಂದು ಆಮೆ ಅಲೆಯಿಂದ ಮೇಲೇರುತ್ತಿತ್ತು. ನಮ್ಮ ಜೊತೆಗಿದ್ದವನೊಬ್ಬ ಮೊಬೈಲ್ ಟಾರ್ಚ್ ಹಾಕಿದ. ಆಮೆ ನಿಂತಿತು. ತಿರುಗಿ ನೀರಿಗೇ ಹೋಯಿತು. ಯಾರೂ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

ಚೆನ್ನೈ ನಮಗೆ ಹತ್ತಿರ, ಬೆಂಗಳೂರಿನಿಂದ ರೈಲು ಹತ್ತಿದರಾಯಿತು. 1988ರಿಂದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲದವರು ಅಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ರಾತ್ರಿಯಿಡೀ ದಡದಲ್ಲಿ ನಡೆಯುತ್ತಾರೆ. ನೀಲಾಂಕರೈನಿಂದ ಬೆಸೆಂಟ್ ನಗರದ ಕಡೆಗೆ, ಸುಮಾರು 7 ಕಿಲೋಮೀಟರ್, ಮರಳಿನಲ್ಲಿ. ಸೊಂಟ ಬಿತ್ತು. ಆಮೆ ಕಾಣಲಿಲ್ಲ! ಸಿಕ್ಕಿದ್ದು ಹೆಜ್ಜೆಜಾಡು, ಮತ್ತು ಬಲೆಗೆ ಸಿಕ್ಕಿ ಸತ್ತಿರಬಹುದಾದ ಒಂದು ಆಲಿವ್ ರಿಡ್ಲಿ ಜಾತಿಯ ಕಡಲಾಮೆ.

ಜಾಡು ಮುಗಿದಲ್ಲಿ ಒಬ್ಬ ಹುಡುಗಿ ಕೋಲಿನಿಂದ ಮೆಲ್ಲಗೆ ಮರಳು ಚುಚ್ಚಿ ಗೂಡು ಹುಡುಕಿದಳು. ತೋಳು ಇಳಿಬಿಟ್ಟು ಒಂದೊಂದೇ ಮೊಟ್ಟೆ ತೆಗೆದು ಎಣಿಸಿದಳು. ಗುಂಡಿಯ ಬಾಯಿ ಸಣ್ಣದು, ಹೊಟ್ಟೆ ಅಗಲ, ನಮ್ಮ ನೀರಿನ ಕೊಡದ ಹಾಗೆ. ಬೇಲಿಯೊಳಗೆ ಅದೇ ಆಕಾರದ ಗುಂಡಿ ತೋಡಿ ಹೂತರು. ಹೌದು, ಇದೂ ಹ್ಯಾಚರಿಯೇ. ಆದರೆ ಗೂಡು ಬಗೆಯುವ ನಾಯಿ ಮತ್ತು ಮರಿಗಳ ದಿಕ್ಕು ತಪ್ಪಿಸುವ ನಗರದ ದೀಪಗಳ ನಡುವೆ ಬೇರೆ ದಾರಿಯಿಲ್ಲ. ಒಂದೂವರೆ ತಿಂಗಳ ಮೇಲೆ ಮರಿ ಎದ್ದರೆ ತಡಮಾಡದೆ ಕಡಲಿಗೆ ಬಿಡುತ್ತಾರೆ. ತೊಟ್ಟಿ ಇಲ್ಲ, ಅಂಗೈ ಫೋಟೋ ಇಲ್ಲ.

ಆಮೆಯನ್ನು ಕಣ್ಣಾರೆ ನೋಡಬೇಕೆಂದರೆ ರೆಕಾವವೇ. ನನ್ನ ಓಟು ಮಾತ್ರ ಚೆನ್ನೈಗೆ. ಹ್ಯಾಚರಿಗೇ ಹೋಗುವುದಿದ್ದರೆ, ಮರಿಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಟಿಕೆಟ್ ಕೊಳ್ಳುವ ಮೊದಲೇ ಕೇಳಿ.

ಬರುವ ಫೆಬ್ರವರಿಗೆ ಮಗಳನ್ನೂ ಚೆನ್ನೈಗೆ ಕರೆದೊಯ್ಯುತ್ತೇನೆ. ಆಮೆ ಕಾಣದೇ ಇರಬಹುದು ಅಂತ ಈಗಲೇ ಹೇಳಿಟ್ಟಿದ್ದೇನೆ. ನಾಯಿಗಳಂತೂ ಗ್ಯಾರಂಟಿ.