ದುಡ್ಡು ಕಟ್ಟಿಸಿಕೊಳ್ಳುವ ‘ರಿಸರ್ಚ್ ಅಸಿಸ್ಟೆಂಟ್’ ಕೆಲಸ: ಬೆಂಗಳೂರಿಗೆ ಹೊಸದಾಗಿ ಬಂದ ಸೈಕಾಲಜಿಯವರೇ, ಹುಷಾರು

ಸೈಕಾಲಜಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿಗೆ ಬಂದಿದ್ದೀರಾ? ರಿಸರ್ಚ್ ಅಸಿಸ್ಟೆಂಟ್ ಕೆಲಸ ಹುಡುಕುತ್ತಿದ್ದೀರಾ? ಟ್ರೈನಿಂಗ್ ಫೀಸು, ರಿಜಿಸ್ಟ್ರೇಷನ್ ಫೀಸು ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ನಾನು 15,000 ರೂಪಾಯಿ ಕಟ್ಟಿದವಳು. ಆ ಜಾಗದ ಹೆಸರು ಬರೆಯುವುದಿಲ್ಲ. ಬರೆದರೂ ಉಪಯೋಗ ಕಡಿಮೆ, ಇಂಥವರು ಬೋರ್ಡು ಬದಲಿಸಿಕೊಂಡೇ ನಡೆಸುತ್ತಾರೆ. ನಡೆದದ್ದು ಹೇಳುತ್ತೇನೆ, ಗುರುತು ನಿಮಗೇ ಸಿಗುತ್ತದೆ.

ನಾನು ಧಾರವಾಡದವಳು. ಇಲ್ಲಿ ಪರಿಚಯ ಅಂತ ಇದ್ದದ್ದು ಪಿಜಿಯ ರೂಮ್‌ಮೇಟ್ ಒಬ್ಬಳೇ. ತಂದ ದುಡ್ಡಲ್ಲಿ ಅರ್ಧ ಅಡ್ವಾನ್ಸಿಗೇ ಹೋಗಿತ್ತು. ಬಾಡಿಗೆ ತಾರೀಕು ಹತ್ತಿರ ಬಂದಾಗ ಎಲ್ಲ ಜಾಹೀರಾತೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಇದರಲ್ಲಿ ಹೀಗಿತ್ತು: ಫ್ರೆಶರ್ ಆದರೂ ಪರವಾಗಿಲ್ಲ, ಯುಜಿಸಿ ಕೇರ್ ಜರ್ನಲ್‌ನಲ್ಲಿ ಪಬ್ಲಿಕೇಷನ್ ಗ್ಯಾರಂಟಿ, ಕೊನೆಗೆ ಆರ್‌ಸಿಐ ಮಾನ್ಯತೆಯ ಸರ್ಟಿಫಿಕೇಟ್.

ಇದರಲ್ಲಿ ಎರಡು ಸುಳ್ಳುಗಳಿವೆ. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಅದರಲ್ಲಿ ಹೆಸರು ಬರೆಸಬೇಕಾದರೆ ಅದು ಒಪ್ಪಿದ ಕೋರ್ಸನ್ನೇ ಓದಿರಬೇಕು. ಯಾರದೋ ಆಫೀಸಿನಲ್ಲಿ ಫಾರಂ ತುಂಬಿದರೆ ಅದು ಬರುವುದಿಲ್ಲ. ರಿಸರ್ಚ್ ಅಸಿಸ್ಟೆಂಟ್ ಆಗಲು ಅದು ಬೇಕಾಗಿಯೂ ಇಲ್ಲ. ಇನ್ನು ಪಬ್ಲಿಕೇಷನ್. ಡೇಟಾ ಇನ್ನೂ ಬಂದೇ ಇಲ್ಲ, ಲೇಖನ ಅಚ್ಚಾಗುತ್ತದೆ ಅಂತ ಗ್ಯಾರಂಟಿ ಕೊಡುವವರು ಯಾರು? ಯುಜಿಸಿ ಕೇರ್ ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಜರ್ನಲ್‌ಗಳ ಪಟ್ಟಿ, ಅದನ್ನಂತೂ 2025ರಲ್ಲಿ ಯುಜಿಸಿಯೇ ನಿಲ್ಲಿಸಿದೆ. ಈಗಲೂ ಆ ಹೆಸರು ಹೇಳಿ ಜನರನ್ನು ಸೆಳೆಯುವವರು ಇದ್ದಾರೆ.

ಇಂಟರ್‌ವ್ಯೂ ಟೀ ಆರುವ ಮುಂಚೆ ಮುಗಿಯಿತು. ನನ್ನ ಡಿಸರ್ಟೇಷನ್ ಯಾವುದರ ಮೇಲೆ, ಯಾವ ಟೆಸ್ಟ್ ಹಾಕಲು ಬರುತ್ತದೆ, ಅಂಕಿಅಂಶ ಲೆಕ್ಕ ಹಾಕುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಗೊತ್ತಾ, ಒಂದೂ ಕೇಳಲಿಲ್ಲ. “ನೋಡಮ್ಮಾ, ಮೊದಲು ಟ್ರೈನಿಂಗ್, ಆಮೇಲೆ ಸ್ಟೈಪೆಂಡ್. ಸೀರಿಯಸ್ ಆಗಿರೋರು ಮಾತ್ರ ಉಳೀಲಿ ಅಂತ ಸ್ವಲ್ಪ ಫೀಸು ಇಟ್ಟಿದ್ದೀವಿ, ಅಷ್ಟೇ” ಅಂದರು ಸರ್. ದುಡ್ಡು ಯುಪಿಐನಲ್ಲಿ ಹೋಯಿತು, ಅದೂ ಅವರ ಸ್ವಂತ ನಂಬರಿಗೆ. ರಸೀದಿ ಕೊಡಲಿಲ್ಲ. ಒರಿಜಿನಲ್ ಮಾರ್ಕ್ಸ್‌ಕಾರ್ಡುಗಳನ್ನು ವೆರಿಫಿಕೇಷನ್‌ಗೆ ಅಂತ ಇಟ್ಟುಕೊಂಡರು.

ಕೆಲಸ ಏನು ಗೊತ್ತಾ? ಫೋನ್ ಮಾಡುವುದು. ಕಾಲೇಜು ಹುಡುಗರ, ಕಂಪನಿ ನೌಕರರ ನಂಬರುಗಳ ಪಟ್ಟಿ ಕೈಗೆ ಕೊಟ್ಟರು. ಎಲ್ಲಿಂದ ಬಂತೋ ಯಾರೂ ಹೇಳಲಿಲ್ಲ. ಒಬ್ಬೊಬ್ಬರಿಗೂ ಪಿಎಚ್‌ಕ್ಯೂ-9 ಪ್ರಶ್ನೆಗಳನ್ನು ಓದಿ ಹೇಳಿ ಅಂಕ ಹಾಕಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಡಿಪ್ರೆಷನ್ ಲಕ್ಷಣಗಳನ್ನು ಅಳೆಯುವ ಪ್ರಶ್ನೆಪಟ್ಟಿ, ಅದರಲ್ಲಿ 9 ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೂ ಸರಿಯಾಗಿ ವಿಚಾರಿಸಿ ನೋಡಬೇಕು ಎಂಬ ಸೂಚನೆ, ಅಷ್ಟೇ. ರೋಗ ಇದೆ ಅಂತ ಹೇಳಲು ಅದೊಂದೇ ಸಾಲದು. ಇವರು ಬರೆದುಕೊಟ್ಟ ಚೀಟಿಯಲ್ಲಿ ಮಾತ್ರ, 10 ದಾಟಿದವರಿಗೆ “ನಿಮಗೆ ಡಿಪ್ರೆಷನ್ ಇದೆ, ನಮ್ಮಲ್ಲಿ ಕೌನ್ಸೆಲಿಂಗ್ ಪ್ಯಾಕೇಜ್ ಇದೆ” ಅನ್ನಬೇಕಿತ್ತು. ಸಂಶೋಧನೆ ಅಂತ ಹೇಳಿ ಮಾರಾಟ ಮಾಡಿಸುತ್ತಿದ್ದರು.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಒಬ್ಬ ಹುಡುಗ ಅದಕ್ಕೆ “ಹೆಚ್ಚುಕಡಿಮೆ ದಿನಾ ಬರುತ್ತೆ ಮೇಡಂ” ಅಂದ. ಅಂಥ ಉತ್ತರ ಬಂದರೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಚೀಟಿಯಲ್ಲಿ ಒಂದು ಸಾಲೂ ಇಲ್ಲ. ಸರ್ ಹತ್ತಿರ ಓಡಿದೆ. “ಮೂರು ಅಂತ ಹಾಕಿ ಮುಂದಿನವರಿಗೆ ಮಾಡಮ್ಮಾ.” ನಾನು ಲೈನ್ ಬಿಡಲಿಲ್ಲ. ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿ, ಅವನ ಅಣ್ಣನ ಕೈಗೆ ಫೋನ್ ಕೊಡಿಸಿ, ಟೆಲಿ ಮಾನಸ್‌ನ 14416 ಬರೆಸಿದೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಂಜೆ ಕಾಲ್ ಜಾಸ್ತಿ ಹೊತ್ತಾಯಿತು ಅಂತ ಬೈಸಿಕೊಂಡೆ. ದುಡ್ಡು ಹೋದದ್ದಕ್ಕಿಂತ ಇದಕ್ಕೇ ನನಗೆ ಇವತ್ತಿಗೂ ಸಿಟ್ಟು.

ಆಮೇಲೆ ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡುವ ಸಮಿತಿಯ, ಅನುಮತಿ ಪತ್ರ ಕೇಳಿದೆ. “ಪ್ರೋಸೆಸ್‌ನಲ್ಲಿದೆ” ಅಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಅನುಮತಿ ಮೊದಲು, ಡೇಟಾ ಆಮೇಲೆ. ಉತ್ತರ ಕೊಡುವವರ ಒಪ್ಪಿಗೆಯನ್ನೂ ತಿಳಿಸಿ ಹೇಳಿ ಪಡೆಯಬೇಕು. ಇಲ್ಲಿ ಎರಡೂ ಇರಲಿಲ್ಲ. ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟದಿದ್ದಾಗ “ಉಳಿದ ಫಾರಂ ನೀವೇ ತುಂಬಿಬಿಡಿ” ಅಂದರು. ಅವತ್ತೇ ಬಿಟ್ಟೆ.

ಮಾರ್ಕ್ಸ್‌ಕಾರ್ಡ್ ಬಿಡಿಸಿಕೊಳ್ಳಲು ಅಪ್ಪ ರಾತ್ರಿ ಬಸ್ಸಿಗೆ ಬರಬೇಕಾಯಿತು. ಜಗಳ ಮಾಡಲಿಲ್ಲ. ರಿಸೆಪ್ಷನ್‌ನಲ್ಲಿ ಕೂತು, ಬಂದವರಿಗೆಲ್ಲ ಕೇಳುವ ಹಾಗೆ “ಮಗಳ ಮಾರ್ಕ್ಸ್‌ಕಾರ್ಡ್ ಕೊಡ್ರಿ, ನಾವು ಹೊಂಡ್ತೀವಿ” ಅಂತ ಹೇಳುತ್ತಲೇ ಇದ್ದರು. ಮಧ್ಯಾಹ್ನದ ಹೊತ್ತಿಗೆ ಕೊಟ್ಟರು. ದುಡ್ಡು ಬರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಹಾಗಾದರೆ ನಿಜವಾದ ಹುದ್ದೆ ಹೇಗಿರುತ್ತದೆ? ನಿಮ್ಹಾನ್ಸ್ ತನ್ನ ಪ್ರಾಜೆಕ್ಟ್ ಹುದ್ದೆಗಳನ್ನು ತನ್ನ ವೆಬ್‌ಸೈಟಿನಲ್ಲೇ ಹಾಕುತ್ತದೆ. ಪ್ರಕಟಣೆಯಲ್ಲಿ ಯಾವ ಪ್ರಾಜೆಕ್ಟು, ಏನು ಓದಿರಬೇಕು, ತಿಂಗಳ ಸಂಬಳ ಎಷ್ಟು, ಎಷ್ಟು ತಿಂಗಳ ಕೆಲಸ, ಎಲ್ಲ ಬರೆದಿರುತ್ತದೆ. ಒರಿಜಿನಲ್ ನೋಡಿ ವಾಪಸ್ ಕೊಡುತ್ತಾರೆ. ಯುಜಿಸಿಯ ನೆಟ್ ಪರೀಕ್ಷೆ ಪಾಸಾಗಿ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ). ಬೇರೆ ಹುದ್ದೆಗಳಿಗೆ ಇದಕ್ಕಿಂತ ಕಡಿಮೆಯೂ ಇರುತ್ತದೆ. ಅಲ್ಲೂ ಸುಖವೇನಿಲ್ಲ, ಗುತ್ತಿಗೆ ಕೆಲಸ, ಪ್ರಾಜೆಕ್ಟ್ ಮುಗಿದರೆ ನೀವೂ ಮುಗಿದಿರಿ. ಆದರೆ ದುಡ್ಡು ಎಲ್ಲಿಂದ ಬರುತ್ತದೆ, ಯಾರ ಕೈಕೆಳಗೆ ಕೆಲಸ ಅನ್ನುವುದು ಗೊತ್ತಿರುತ್ತದೆ.

ಒಂದು ಗೊಂದಲ ಬೇಡ. ದೊಡ್ಡ ಆಸ್ಪತ್ರೆಗಳೂ ಇಂಟರ್ನ್‌ಶಿಪ್‌ಗೆ ಫೀಸು ತೆಗೆದುಕೊಳ್ಳುವುದುಂಟು. ಅದು ಕಲಿಯಲು ಹೋಗುವವರಿಗೆ, ಅದನ್ನು ಯಾರೂ ಕೆಲಸ ಅಂತ ಕರೆಯುವುದಿಲ್ಲ.

ಫೀಲ್ಡ್ ಕೆಲಸ ಇರುವ ಕಡೆ ನಮ್ಮ ಕನ್ನಡಕ್ಕೆ ಬೆಲೆ ಇದೆ. ಐಐಎಸ್ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾದವರ ನೆನಪು, ಮೆದುಳಿನ ಬಗ್ಗೆ ದೊಡ್ಡ ಅಧ್ಯಯನ ನಡೆಸುತ್ತಿದೆ. ಅಂಥ ಕಡೆ ಅಜ್ಜ ಅಜ್ಜಿಯರ ಜೊತೆ ಕೂತು ಮಾತಾಡಲು ಬರುವವರು ಬೇಕಾಗುತ್ತದೆ. ಆ ಸೀಮೆಯಲ್ಲಿ ತೆಲುಗೂ ಬಂದರೆ ಇನ್ನೂ ಒಳ್ಳೆಯದು, ನನಗೆ ಬರುವುದಿಲ್ಲ.

ಯಾವ ಜಾಗಕ್ಕೆ ಹೋದರೂ ಸೇರುವ ಮುಂಚೆ ಕೇಳಿ: ಪ್ರಾಜೆಕ್ಟ್‌ನ ಮುಖ್ಯ ಸಂಶೋಧಕರು ಯಾರು, ದುಡ್ಡು ಕೊಡುವ ಸಂಸ್ಥೆ ಯಾವುದು, ಎಥಿಕ್ಸ್ ಅನುಮತಿಯ ನಂಬರ್ ಏನು. ಸರಿಯಾದ ಕಡೆ ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆ ಮುಖ್ಯ ಸಂಶೋಧಕರ ಹೆಸರು ಹಾಕಿ ಹುಡುಕಿ, ಹಿಂದಿನ ಲೇಖನಗಳು ಸಿಗುತ್ತವಾ ನೋಡಿ. ಅಲ್ಲಿ ಮೊದಲು ಕೆಲಸ ಮಾಡಿದ ಒಬ್ಬರ ಜೊತೆಗಾದರೂ ಮಾತಾಡಿ.

ನಾನು ಬಿಟ್ಟ ಜಾಗದ ಜಾಹೀರಾತು ಮೊನ್ನೆ ಮತ್ತೆ ವಾಟ್ಸಾಪ್‌ಗೆ ಬಂತು. ಈ ಸಲ ‘ರಿಸರ್ಚ್ ಫೆಲೋ’ ಅಂತ ಹಾಕಿದ್ದಾರೆ. ಫೀಸು 18,000 ಆಗಿದೆ.