ಉಡುಪಿಯ ಲಸಿಕೆ ಕ್ಲಿನಿಕ್: ಫ್ರಿಜ್ಜಿಗೆ ಪೂರ್ತಿ ಮಾರ್ಕು, ಬಿಲ್ಲಿಗೆ ಇಲ್ಲ

ಮಲ್ಪೆಯಲ್ಲಿ ನಮ್ಮದು ಐಸ್ ಪ್ಲಾಂಟ್. ಬೋಟಿನವರಿಗೆ ಐಸ್ ಕೊಟ್ಟೇ 22 ವರ್ಷ ಕಳೆದವ ನಾನು. ಹಾಗಾಗಿ 13ರ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಲು ಇಲ್ಲಿಗೆ ಹೋದಾಗ ಮೊದಲು ನೋಡಿದ್ದು ಡಾಕ್ಟರ ಬೋರ್ಡನ್ನಲ್ಲ, ಫ್ರಿಜ್ಜನ್ನು.

ಮನೆಯ ಫ್ರಿಜ್ಜಲ್ಲ, ಲಸಿಕೆಗೆಂದೇ ಇರುವಂಥದ್ದು. 4.6 ಡಿಗ್ರಿ ತೋರಿಸುತ್ತಿತ್ತು. ಪಕ್ಕದ ಪುಸ್ತಕದಲ್ಲಿ ಬೆಳಿಗ್ಗೆ ಸಂಜೆ ಬರೆದಿಟ್ಟ ಲೆಕ್ಕ, ಭಾನುವಾರವೂ ತಪ್ಪಿಲ್ಲ. "ಕರೆಂಟ್ ಹೋದ್ರೆ ಎಂತ ಮಾಡ್ತೀರಿ ಸಿಸ್ಟರ್?" ಅಂದೆ. ಇನ್ವರ್ಟರ್ ತೋರಿಸಿದರು, ಐಸ್ ಪ್ಯಾಕಿನ ಪೆಟ್ಟಿಗೆಯನ್ನೂ ತೋರಿಸಿದರು. ಪ್ಯಾಕು ಸ್ವಲ್ಪ ಬೆವರಿದ ಮೇಲೆಯೇ ಒಳಗಿಡುವುದಂತೆ. ಈ ಲಸಿಕೆ ಹೆಪ್ಪುಗಟ್ಟಿದರೆ ಎಸೆಯಬೇಕಷ್ಟೆ. ತಂಪು ಹೆಚ್ಚಾಗಿ ಹಾಳಾಗುವ ಮಾಲು ಉಂಟು ಅಂತ ನನಗೆ ಗೊತ್ತಾದದ್ದೇ ಅವತ್ತು.

ವಾಟ್ಸಾಪಿನಲ್ಲಿ ಬರುವ 'ಕ್ಯಾನ್ಸರಿನ ಎಂಆರ್‌ಎನ್‌ಎ ಲಸಿಕೆ' ಇದೇ ಅಂದುಕೊಂಡಿದ್ದೆ. ಡಾಕ್ಟ್ರು ನಗಲಿಲ್ಲ, ಕೂರಿಸಿ ಹೇಳಿದರು. ಎಚ್‌ಪಿವಿ ಲಸಿಕೆಯಲ್ಲಿ ಇರುವುದು ವೈರಸ್ಸಿನ ಖಾಲಿ ಚಿಪ್ಪು, ಪ್ರೋಟೀನಿನದ್ದು. ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸನ್ನು ಮೊದಲೇ ತಡೆಯುತ್ತದೆ. ಎಂಆರ್‌ಎನ್‌ಎ ಲಸಿಕೆಯಲ್ಲಿ ಪ್ರೋಟೀನೇ ಇಲ್ಲ, ಅದನ್ನು ಮಾಡುವ ಕ್ರಮ ಬರೆದ ಚೀಟಿ ಇರುತ್ತದೆ, ಕೊಬ್ಬಿನ ಸಣ್ಣ ಹನಿಯಲ್ಲಿ ಸುತ್ತಿ. ನಮ್ಮ ಜೀವಕೋಶ ಅದನ್ನು ಓದಿ ಮಾಡುತ್ತದೆ, ಆಮೇಲೆ ಚೀಟಿ ಕರಗುತ್ತದೆ. ಹೊರಗಿನ ಚೀಟಿ ಕಂಡು ದೇಹ ರೇಗದ ಹಾಗೆ ಅದರ ಒಂದು ಅಕ್ಷರ ಬದಲಿಸಿದ್ದಕ್ಕೇ ಕಾರಿಕೊ ಮತ್ತು ವೈಸ್‌ಮನ್ ಎಂಬ ವಿಜ್ಞಾನಿಗಳಿಗೆ 2023ರ ನೊಬೆಲ್. ಕ್ಯಾನ್ಸರಿಗಾದರೆ ಒಬ್ಬೊಬ್ಬ ರೋಗಿಯ ಗಡ್ಡೆ ನೋಡಿ ಬೇರೆ ಬೇರೆ ಚೀಟಿ. ಮಾಡರ್ನಾ, ಮರ್ಕ್ ಕಂಪನಿಯವರು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 157 ಜನರಲ್ಲಿ ಪರೀಕ್ಷಿಸಿದ್ದರು. ಬರೀ ಮದ್ದು ಪಡೆದವರಿಗಿಂತ, ಜೊತೆಗೆ ಲಸಿಕೆಯನ್ನೂ ಪಡೆದವರಲ್ಲಿ ರೋಗ ಮರಳುವ ಅಥವಾ ಸಾಯುವ ಅಪಾಯ ಶೇ. 44 ಕಡಿಮೆ. "ಅದು ಕ್ಯಾನ್ಸರ್ ಬಂದವರಿಗೆ. ನಿಮ್ಮ ಮಗಳಿಗೆ ಬೇಕಾದ್ದು ಇದು" ಅಂದರು.

ನನ್ನ ತಲೆ ಮಾತ್ರ ತಂಪಿನಲ್ಲೇ ಇತ್ತು. ಫೈಜರ್‌ನ ಕೋವಿಡ್ ಲಸಿಕೆಯೂ ಎಂಆರ್‌ಎನ್‌ಎಯದ್ದೇ, ಅದಕ್ಕೆ ಶುರುವಿನಲ್ಲಿ ಮೈನಸ್ 70 ಡಿಗ್ರಿ ಬೇಕಿತ್ತು. ಮಾರಾಯ್ರೆ, ಮಲ್ಪೆಯ ಐಸೆಲ್ಲ ಒಟ್ಟು ಮಾಡಿದರೂ ಅಷ್ಟು ತಂಪು ಹುಟ್ಟದು! ಪುಣೆಯ ಜೆನೋವಾ ಕಂಪನಿಯವರು ತಮ್ಮ ಕೋವಿಡ್ ಎಂಆರ್‌ಎನ್‌ಎ ಲಸಿಕೆಯ ನೀರು ತೆಗೆದು ಪುಡಿ ಮಾಡಿದರು. ಅದಕ್ಕೆ 2ರಿಂದ 8 ಡಿಗ್ರಿ ಸಾಕು. 2022ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಒಣಮೀನಿನ ಲೆಕ್ಕ, ನಮಗೆ ಹೊಸತಲ್ಲ.

ಇನ್ನು ದೂರು. ಟೋಕನ್ ಕೊಟ್ಟೂ ಒಂದು ಗಂಟೆ ಹತ್ತು ನಿಮಿಷ ಕಾಯಿಸಿದರು. ಬಿಲ್ಲಿನಲ್ಲಿ 'ಇತರೆ' ಅಂತ 150 ರೂಪಾಯಿ, ಕೇಳಿದರೆ ಕೌಂಟರಿನವನಿಗೇ ಗೊತ್ತಿಲ್ಲ. ಸ್ಕೂಟರ್ ನಿಲ್ಲಿಸಲು ಜಾಗವೂ ಇಲ್ಲ. ಐದರಲ್ಲಿ ನಾಲ್ಕು.

ಎರಡನೇ ಡೋಸು ಆರು ತಿಂಗಳಿಗೆ, ಸರಿಯಾಗಿ ಆಟಿ ಮಳೆಯಲ್ಲಿ. ಅವತ್ತು ಹೋದಾಗಲೂ ಪುಸ್ತಕ ತೆರೆದು ನೋಡುವವನೇ.